ಕಡತ ಎಲ್ಲಿದೆ? ರಾಜ್ಯ ಸರ್ಕಾರದ ಜೊತೆಗಿನ ಆರೋಗ್ಯ ನೀತಿ ಕೆಲಸ: ನನ್ನ ಅನುಭವ

ಆಸ್ಪತ್ರೆ ಸಮೂಹಗಳು, ಔಷಧ ಕಂಪನಿಗಳು, ವೈದ್ಯಕೀಯ ಉಪಕರಣ ತಯಾರಕರು, ವೈದ್ಯರ ಸಂಘಗಳು, ಆರೋಗ್ಯದ ಹಕ್ಕಿಗಾಗಿ ದುಡಿಯುವ ಸಂಸ್ಥೆಗಳು, ಇವರಿಗೆಲ್ಲ ಸರ್ಕಾರದ ಜೊತೆ ವ್ಯವಹರಿಸಲು ಒಬ್ಬರು ಬೇಕಾಗುತ್ತಾರೆ. ವಿಸಿಟಿಂಗ್ ಕಾರ್ಡಿನ ಮೇಲೆ ಗವರ್ನಮೆಂಟ್ ಅಫೇರ್ಸ್, ಪಬ್ಲಿಕ್ ಪಾಲಿಸಿ, ಅಡ್ವೊಕೆಸಿ ಎಂದು ಏನಾದರೂ ಇರಬಹುದು. ಹೊರಗಿನವರು ಇದನ್ನು ಪರಿಚಯದ ಕೆಲಸ ಎಂದುಕೊಳ್ಳುತ್ತಾರೆ: ಮಂತ್ರಿಗಳು ಗೊತ್ತು, ಕಾರ್ಯದರ್ಶಿಗಳು ಗೊತ್ತು, ಒಂದು ಫೋನ್ ಹಚ್ಚಿದರೆ ಸಾಕು ಅಂತ. ಪರಿಚಯದಿಂದ ಅರ್ಧ ಗಂಟೆಯ ಭೇಟಿ ಸಿಗುತ್ತದೆ, ಅಷ್ಟೇ. ಆಮೇಲೆ ನಡೆಯುವುದೆಲ್ಲ ಕಡತದ ಮೇಲೆ. ನೀವು ಕೇಳುತ್ತಿರುವುದು ಯಾವ ಕಾಯ್ದೆಯಡಿ, ಯಾವ ಬಗೆಯ ಆದೇಶದಿಂದ, ಎಷ್ಟು ಖರ್ಚಿನಲ್ಲಿ ಸಾಧ್ಯ ಎಂದು ಎರಡು ಪುಟದಲ್ಲಿ, ಕನ್ನಡದಲ್ಲಿ ಬರೆದುಕೊಡಬಲ್ಲವರು ಈ ಕಸುಬಿನಲ್ಲಿ ನಿಲ್ಲುತ್ತಾರೆ. ಬೆಂಗಳೂರಿನ ದೊಡ್ಡ ದೊಡ್ಡ ಕಂಪನಿಗಳಲ್ಲಿ ಅಂಥವರು ಎಷ್ಟು ಕಡಿಮೆ ಎಂದರೆ, ಕನ್ನಡದಲ್ಲಿ ಕಚೇರಿ ಟಿಪ್ಪಣಿ ಬರೆಯಲು ಬರುತ್ತದೆ ಎಂಬುದೊಂದೇ ದೊಡ್ಡ ಅರ್ಹತೆಯಾಗುತ್ತದೆ.

ಇಲ್ಲಿ ಬರೆದಿರುವುದು ಕರ್ನಾಟಕದಲ್ಲಿ ನಾನು ಕೆಲಸ ಮಾಡುವ ಕ್ರಮ. ಬೇರೆ ರಾಜ್ಯಗಳಲ್ಲಿ ಹೆಸರುಗಳು ಬದಲಾಗುತ್ತವೆ, ಕ್ರಮ ಹೆಚ್ಚು ಬದಲಾಗುವುದಿಲ್ಲ.

ಇದು ಯಾರ ಕೆಲಸ?

ಯಾವ ಬೇಡಿಕೆ ಬಂದರೂ ಮೊದಲು ನೋಡುವುದು, ಇದು ರಾಜ್ಯದ ಕೈಯಲ್ಲಿದೆಯೇ ಎಂದು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯಗಳು ರಾಜ್ಯ ಪಟ್ಟಿಯ 6ನೇ ನಮೂದು. ಔಷಧಗಳು ಸಮವರ್ತಿ ಪಟ್ಟಿಯಲ್ಲಿವೆ, ಅವುಗಳ ಗರಿಷ್ಠ ಬೆಲೆ ನಿಗದಿ ಮಾಡುವುದು ದೆಹಲಿಯ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ (ಎನ್‌ಪಿಪಿಎ). ಆದ್ದರಿಂದ ಸ್ಟೆಂಟ್ ಬೆಲೆ ಜಾಸ್ತಿಯಾಯಿತು, ಕಡಿಮೆಯಾಯಿತು ಎಂದು ವಿಕಾಸಸೌಧಕ್ಕೆ ಬಂದು ಪ್ರಯೋಜನವಿಲ್ಲ. ಆದರೆ ಅದೇ ಸ್ಟೆಂಟ್ ಹಾಕುವ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಆಸ್ಪತ್ರೆಗೆ ಎಷ್ಟು ಕೊಡಬೇಕು ಎನ್ನುವುದು ರಾಜ್ಯದ ಪ್ರಶ್ನೆ, ಅದರ ಬಾಗಿಲು ಆ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ರಾಜ್ಯದ ಒಳಗೂ ಬಾಗಿಲುಗಳು ಹಲವು, ಮತ್ತು ಹೊಸಬರು ಹೆಚ್ಚು ದಾರಿ ತಪ್ಪುವುದು ಇಲ್ಲಿಯೇ. ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಒಂದು ಇಲಾಖೆ, ವೈದ್ಯಕೀಯ ಶಿಕ್ಷಣ ಇನ್ನೊಂದು, ಎರಡಕ್ಕೂ ಬೇರೆ ಬೇರೆ ಮಂತ್ರಿಗಳಿರುವುದೂ ಉಂಟು. ಬೆಂಗಳೂರಿನ ಕೆ.ಸಿ. ಜನರಲ್, ಜಯನಗರ ಜನರಲ್ ಆಸ್ಪತ್ರೆಗಳು ಆರೋಗ್ಯ ಇಲಾಖೆಯವು. ವಿಕ್ಟೋರಿಯಾ, ಬೌರಿಂಗ್, ಜಯದೇವ, ಕಿದ್ವಾಯಿ ವೈದ್ಯಕೀಯ ಶಿಕ್ಷಣದ ಕಡೆ. ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೆ ಅಲ್ಲಿನ ಜಿಲ್ಲಾಸ್ಪತ್ರೆಯ ಉಸ್ತುವಾರಿಯೂ ಬಹಳ ಕಡೆ ಕೈ ಬದಲಾಗಿದೆ; ಫಲಕದ ಮೇಲೆ ಮಾತ್ರ ಹಳೆಯ ಹೆಸರೇ ಇರುತ್ತದೆ. ಯಶಸ್ವಿನಿ ಆರೋಗ್ಯ ಯೋಜನೆ ಸಹಕಾರ ಇಲಾಖೆಯದು. ಇಎಸ್ಐ ಕಾರ್ಮಿಕ ಇಲಾಖೆಯದು. ಅಂಗನವಾಡಿಯ ಪೌಷ್ಟಿಕ ಆಹಾರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು. ತಪ್ಪು ಇಲಾಖೆಗೆ ಹೋದ ಮನವಿ 'ಸಂಬಂಧಿಸಿದ ಇಲಾಖೆಗೆ ವರ್ಗಾಯಿಸಿದೆ' ಎಂಬ ಒಂದು ಸಾಲಿನ ಜೊತೆ ತಿಂಗಳುಗಟ್ಟಲೆ ಸುತ್ತುತ್ತದೆ. ಸಂದೇಹ ಬಂದರೆ 1977ರ ಕರ್ನಾಟಕ ಸರ್ಕಾರದ ಕಾರ್ಯ ಹಂಚಿಕೆ ನಿಯಮಗಳನ್ನು ತೆರೆದು ನೋಡಬೇಕು. ಯಾವ ವಿಷಯ ಯಾವ ಇಲಾಖೆಗೆ ಎನ್ನುವುದು ಅಲ್ಲಿದೆ. ಅದರ ಜೋಡಿ, ಅದೇ ವರ್ಷದ ಕಾರ್ಯ ನಿರ್ವಹಣೆ ನಿಯಮಗಳಲ್ಲಿ ಯಾವುದು ಸಚಿವ ಸಂಪುಟಕ್ಕೆ ಹೋಗಲೇಬೇಕು ಎಂಬ ಪಟ್ಟಿ ಇದೆ. ಈ ಎರಡನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟುಕೊಳ್ಳಿ.

ಇಲಾಖೆಯ ಒಳಗೆ ಮತ್ತೆ ಎರಡು ಹಂತ. ವಿಕಾಸಸೌಧದಲ್ಲಿ ಸಚಿವಾಲಯ ಇದೆ. ಆದೇಶ ಹೊರಡುವುದು ಇಲ್ಲಿಂದ. ಮಾಗಡಿ ರಸ್ತೆಯ ಆರೋಗ್ಯ ಸೌಧದಲ್ಲಿ ಆಯುಕ್ತರು, ನಿರ್ದೇಶಕರು, ರಾಷ್ಟ್ರೀಯ ಆರೋಗ್ಯ ಅಭಿಯಾನದವರು ಇರುತ್ತಾರೆ. ಪ್ರಸ್ತಾವನೆ ಹುಟ್ಟುವುದು, ಅಂಕಿಅಂಶ ಇರುವುದು ಅಲ್ಲಿ. ನೇರವಾಗಿ ಪ್ರಧಾನ ಕಾರ್ಯದರ್ಶಿಗಳಿಗೆ ಮನವಿ ಕೊಟ್ಟರೆ ಅವರು ಮಾಡುವ ಮೊದಲ ಕೆಲಸವೇ 'ಆಯುಕ್ತರಿಂದ ವರದಿ ಪಡೆಯಿರಿ' ಎಂದು ಬರೆಯುವುದು. ಹಾಗಾಗಿ ನಾನು ಮಾಗಡಿ ರಸ್ತೆಯಿಂದಲೇ ಶುರು ಮಾಡುತ್ತೇನೆ: ಸಂಬಂಧಪಟ್ಟ ಕಾರ್ಯಕ್ರಮದ ಉಪ ನಿರ್ದೇಶಕರು ಅಥವಾ ಜಂಟಿ ನಿರ್ದೇಶಕರು ಮೊದಲು, ಆಮೇಲೆ ಉಳಿದವರು.

ಸಾಕಾಗುವಷ್ಟು ಚಿಕ್ಕದನ್ನು ಕೇಳುವುದು

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಸರ್ಕಾರ ಒಂದು ತೀರ್ಮಾನವನ್ನು ಹಲವು ರೂಪದಲ್ಲಿ ಹೊರಡಿಸಬಹುದು: ಸುತ್ತೋಲೆ, ಸರ್ಕಾರಿ ಆದೇಶ, ಅಧಿಸೂಚನೆ, ನಿಯಮ, ಕೊನೆಗೆ ಅಧಿನಿಯಮ. ಸುತ್ತೋಲೆಗೆ ವಾರಗಳು ಸಾಕು, ಅಧಿನಿಯಮಕ್ಕೆ ವರ್ಷಗಳೂ ಸಾಲದಿರಬಹುದು. ಕೆಲಸ ಸುತ್ತೋಲೆಯಿಂದ ಆಗುವುದಾದರೆ ಕಾಯ್ದೆ ತಿದ್ದುಪಡಿ ಕೇಳಬಾರದು. ಕೇಳಿದಿರೋ, ಆ ಒಂದು ಸಾಲಿನ ಜೊತೆ ಇನ್ನು ಹತ್ತು ಸಾಲುಗಳನ್ನು ಬೇರೆಯವರು ತಂದು ಸೇರಿಸುತ್ತಾರೆ.

ನಡೆದಿರುವ ಉದಾಹರಣೆಗಳನ್ನೇ ನೋಡಿ. ಗುಣವಾಗುವ ಆಸೆ ಇಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು, 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳ ಮಾಡಿತು. ಆಸ್ಪತ್ರೆಯಲ್ಲಿ ಪ್ರಾಥಮಿಕ ವೈದ್ಯಕೀಯ ಮಂಡಳಿ, ಅದರ ಮೇಲೆ ದ್ವಿತೀಯ ಮಂಡಳಿ, ಆ ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಹೆಸರಿಸಿದ ಒಬ್ಬ ವೈದ್ಯರು ಇರಬೇಕು. ಡಿಎಚ್‌ಒ ಹೆಸರು ಸೂಚಿಸದಿದ್ದರೆ ಮಂಡಳಿಯೇ ಆಗುವುದಿಲ್ಲ. ಇಲ್ಲಿ ಬೇಕಾದದ್ದು ಹೊಸ ಕಾನೂನಲ್ಲ, ಡಿಎಚ್‌ಒಗಳಿಗೆ ಒಂದು ಸೂಚನೆ. 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು, ಕೆಲಸ ಆಯಿತು.

ಹಾವು ಕಡಿತದ್ದು ಇನ್ನೂ ಒಳ್ಳೆಯ ಪಾಠ. ಎಷ್ಟು ಜನಕ್ಕೆ ಹಾವು ಕಚ್ಚುತ್ತದೆ, ಎಲ್ಲಿ, ಎಷ್ಟು ಜನ ಸಾಯುತ್ತಾರೆ ಎಂಬ ಲೆಕ್ಕವೇ ಸರಿಯಾಗಿ ಸಿಗುತ್ತಿರಲಿಲ್ಲ, ಯಾಕೆಂದರೆ ಖಾಸಗಿ ಆಸ್ಪತ್ರೆಗಳು ವರದಿ ಮಾಡಬೇಕೆಂಬ ಕಡ್ಡಾಯ ಇರಲಿಲ್ಲ. ಲೆಕ್ಕ ಇಲ್ಲದೆ ಯಾವ ತಾಲ್ಲೂಕಿಗೆ ಎಷ್ಟು ವಯಲ್ ಹಾವಿನ ವಿಷದ ಪ್ರತಿವಿಷ ಇಡಬೇಕು ಎಂದು ಹೇಳಲಾಗದು. ಹಣ ಕೇಳುವ ಮೊದಲು ಲೆಕ್ಕ ಬರುವ ಹಾಗೆ ಮಾಡಬೇಕು. ಅದಕ್ಕೆ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮ 2020 ಆಗಲೇ ಕೈಯಲ್ಲಿತ್ತು. ಕೋವಿಡ್ ಕಾಲದಲ್ಲಿ ಬಂದ ಕಾಯ್ದೆ. ಹಾವು ಕಡಿತ ಸಾಂಕ್ರಾಮಿಕವಲ್ಲವಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು, ನಿಜ. ಆದರೂ 2024ರ ಫೆಬ್ರವರಿಯಲ್ಲಿ ರಾಜ್ಯ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಅಧಿಸೂಚನೆಯ ಮೂಲಕವೇ ಸೇರಿಸಿತು. ಅದೇ ವರ್ಷದ ನವೆಂಬರ್ ಹೊತ್ತಿಗೆ ಕೇಂದ್ರ ಆರೋಗ್ಯ ಕಾರ್ಯದರ್ಶಿಗಳೇ ಎಲ್ಲ ರಾಜ್ಯಗಳಿಗೆ ಹೀಗೆ ಮಾಡಿ ಎಂದು ಬರೆದರು. ಇದೇ ಕಾಯ್ದೆಯ ಆಸರೆಯಲ್ಲಿ 2024ರಲ್ಲಿ ಡೆಂಗಿ ನಿಯಂತ್ರಣಕ್ಕೂ ನಿಯಮ ಬಂತು. ಸೊಳ್ಳೆ ಮರಿ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಅದರಲ್ಲೇ ಇದೆ.

ಇದಕ್ಕೆ ಪೂರ್ತಿ ತದ್ವಿರುದ್ಧ ಕೆಪಿಎಂಇ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ಕ್ಕೆ ತಿದ್ದುಪಡಿ ಮಸೂದೆ 2017ರ ಜೂನ್‌ನಲ್ಲಿ ಸದನಕ್ಕೆ ಬಂತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಸಮಿತಿ ಅದಕ್ಕೂ ಮೊದಲು ಶಿಫಾರಸು ಮಾಡಿತ್ತು, ಮಸೂದೆ ಅದಕ್ಕಿಂತ ಮುಂದೆ ಹೋಯಿತು. ಖಾಸಗಿ ಚಿಕಿತ್ಸೆಗೆ ದರ ನಿಗದಿ, ದರ ಮೀರಿದರೆ ಜೈಲು ಎಂಬ ಮಾತುಗಳು ಬಂದ ಕೂಡಲೇ ವೈದ್ಯರ ಸಂಘಗಳು ಎದ್ದು ನಿಂತವು. ಜನಾರೋಗ್ಯ ಚಳವಳಿಯವರು ಮಸೂದೆಯ ಪರ ಬೀದಿಗಿಳಿದರು. ಮಸೂದೆ ಉಭಯ ಸದನಗಳ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ನಡೆಯುವಾಗ ರಾಜ್ಯದಲ್ಲಿ ಖಾಸಗಿ ಹೊರರೋಗಿ ವಿಭಾಗಗಳು ಮುಚ್ಚಿದವು. ಕೊನೆಗೆ ಒಪ್ಪಿಗೆಯಾದ ರೂಪದಲ್ಲಿ ದರ ನಿಗದಿಯ ಅಧಿಕಾರ ಸರ್ಕಾರಿ ಆರೋಗ್ಯ ಯೋಜನೆಗಳಡಿಯ ಚಿಕಿತ್ಸೆಗೆ ಸೀಮಿತವಾಯಿತು, ದರ ಮೀರಿದ್ದಕ್ಕೆ ಜೈಲು ಎಂಬುದು ಉಳಿಯಲಿಲ್ಲ. ಬಾಕಿ ಹಣಕ್ಕಾಗಿ ಶವ ತಡೆಹಿಡಿಯಬಾರದು ಎಂಬುದು ಉಳಿಯಿತು, ನೋಂದಣಿ ಮತ್ತು ದೂರುಗಳ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರಾದರು. ಈ ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಇನ್ನೂ ಮುಗಿದಿಲ್ಲ. ನಮ್ಮ ಕೆಲಸದ ದೃಷ್ಟಿಯಿಂದ ಗಮನಿಸಬೇಕಾದದ್ದು ಬೇರೆ: ಕಾಯ್ದೆಯನ್ನು ಮುಟ್ಟಿದರೆ ಅಲ್ಲಿಗೆ ಎಲ್ಲರೂ ಬರುತ್ತಾರೆ, ಮತ್ತು ಕೊನೆಯ ಪಠ್ಯ ಯಾರ ಮೂಲ ಬೇಡಿಕೆಗೂ ಹೋಲುವುದಿಲ್ಲ.

ಕಾಯ್ದೆಯೇ ಬೇಕು ಎನ್ನುವ ಸಂದರ್ಭ ಬಂದಾಗ, ಸಮಿತಿಯ ಮುಂದೆ ಭಾಷಣಕ್ಕೆ ಬೆಲೆ ಕಡಿಮೆ. ಅಲ್ಲಿ ನಾನು ಮೂರು ಕಾಲಮಿನ ಕೋಷ್ಟಕ ಕೊಡುತ್ತೇನೆ: ಮಸೂದೆಯಲ್ಲಿರುವ ಪಠ್ಯ, ನಾವು ಸೂಚಿಸುವ ಪಠ್ಯ, ಕಾರಣ. ಕಾರಣದ ಕಾಲಮಿನಲ್ಲಿ ಮೂರು ಸಾಲಿಗಿಂತ ಹೆಚ್ಚು ಬೇಡ. 'ಈ ಖಂಡವನ್ನು ಪುನರ್ ಪರಿಶೀಲಿಸಬೇಕೆಂದು ಕೋರುತ್ತೇವೆ' ಎಂದು ಬರೆದವರ ಮನವಿಯನ್ನು ಯಾರೂ ಪುನರ್ ಪರಿಶೀಲಿಸುವುದಿಲ್ಲ. ಅದರ ಬದಲಿಗೆ ಏನು ಬರೆಯಬೇಕು ಎಂದು ಪಠ್ಯವನ್ನೇ ಕೊಡಬೇಕು, ಅದೂ ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಎರಡರಲ್ಲೂ. ಕಾನೂನು ಇಲಾಖೆ ಎರಡನ್ನೂ ನೋಡುತ್ತದೆ.

ಎರಡು ಪುಟದ ಟಿಪ್ಪಣಿ

ನಿಮ್ಮ ಮನವಿಯನ್ನು ಮೊದಲು ಓದುವವರು ಪ್ರಧಾನ ಕಾರ್ಯದರ್ಶಿಗಳಲ್ಲ, ಶಾಖೆಯ ವಿಷಯ ನಿರ್ವಾಹಕರು. ಅವರು ಅದನ್ನು ಕಡತದಲ್ಲಿ ಇಟ್ಟು ಟಿಪ್ಪಣಿ ಬರೆಯುತ್ತಾರೆ, ಅದು ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ದಾಟಿ ಮೇಲೆ ಹೋಗುತ್ತದೆ. ಈಗ ಎಲ್ಲ ಇ-ಆಫೀಸ್. ಮೇಲಿನವರು ಓದುವುದು ಆ ಟಿಪ್ಪಣಿಯನ್ನು, ನಿಮ್ಮ ಬಣ್ಣದ ಪವರ್‌ಪಾಯಿಂಟನ್ನಲ್ಲ. ಆದ್ದರಿಂದ ವಿಷಯ ನಿರ್ವಾಹಕರು ಹಾಗೆಯೇ ಎತ್ತಿಕೊಳ್ಳಬಹುದಾದ ವಾಕ್ಯಗಳನ್ನು ಕೊಡುವುದು ನಮ್ಮ ಕೆಲಸ.

ಇದಕ್ಕೆ ಮಾದರಿ ಹುಡುಕಿಕೊಂಡು ಎಲ್ಲೂ ಹೋಗಬೇಕಿಲ್ಲ, ಯಾವುದೇ ಸರ್ಕಾರಿ ಆದೇಶವನ್ನು ತೆಗೆದು ನೋಡಿ. ಮೇಲೆ ವಿಷಯ. ಅದರ ಕೆಳಗೆ 'ಓದಲಾಗಿದೆ' ಎಂದು ಹಿಂದಿನ ಆದೇಶಗಳ, ಪತ್ರಗಳ ಸಂಖ್ಯೆ ಮತ್ತು ದಿನಾಂಕ. ಆಮೇಲೆ 'ಪ್ರಸ್ತಾವನೆ'. ಕೊನೆಗೆ ಆದೇಶ. ನನ್ನ ಟಿಪ್ಪಣಿಯೂ ಇದೇ ಕ್ರಮದಲ್ಲಿ ಇರುತ್ತದೆ. ವಿಷಯ ಒಂದೇ ಸಾಲು. ಉಲ್ಲೇಖದಲ್ಲಿ ಸಂಬಂಧಪಟ್ಟ ಹಿಂದಿನ ಎಲ್ಲ ಆದೇಶಗಳ ಸಂಖ್ಯೆ. ಅವುಗಳ ಪ್ರತಿಯನ್ನೂ ಲಗತ್ತಿಸಬೇಕು, ಯಾಕೆಂದರೆ ಶಾಖೆಯಲ್ಲಿ ಹಳೆಯ ಕಡತ ಹುಡುಕಲು ಹೊರಟರೆ ಅಲ್ಲಿಗೆ ಕೆಲಸ ನಿಂತಿತು. ಪ್ರಸ್ತಾವನೆಯಲ್ಲಿ ಸಮಸ್ಯೆ ನಾಲ್ಕೈದು ವಾಕ್ಯ. ಆಮೇಲೆ ಯಾವ ಕಾಯ್ದೆಯ ಯಾವ ಸೆಕ್ಷನ್‌ನಡಿ ಸರ್ಕಾರಕ್ಕೆ ಈ ಅಧಿಕಾರ ಇದೆ ಎಂಬುದು. ಆಮೇಲೆ ಆರ್ಥಿಕ ಹೊರೆ, ಶೂನ್ಯವಾಗಿದ್ದರೆ 'ಯಾವುದೇ ಆರ್ಥಿಕ ಹೊರೆ ಇರುವುದಿಲ್ಲ' ಎಂದೇ ಬರೆಯಬೇಕು, ಬಿಡಬಾರದು. ಕೊನೆಯಲ್ಲಿ ಕರಡು ಆದೇಶ.

ಅಂಕಿಅಂಶದಲ್ಲಿ ಒಂದು ಪಟ್ಟು ಹಿಡಿಯಿರಿ: ಇಲಾಖೆಯದೇ ಅಂಕಿ ಮೊದಲು. ಎಚ್‌ಎಂಐಎಸ್ (ಸರ್ಕಾರದ ಆರೋಗ್ಯ ಮಾಹಿತಿ ವ್ಯವಸ್ಥೆ), ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಎಸ್‌ಆರ್‌ಎಸ್ (ಜನನ ಮರಣಗಳ ಮಾದರಿ ಸಮೀಕ್ಷೆ), ವಿಧಾನಸಭೆಯಲ್ಲಿ ಕೊಟ್ಟ ಉತ್ತರ. ನಿಮ್ಮ ಆಸ್ಪತ್ರೆಯ ಅಥವಾ ಕಂಪನಿಯ ಅಂಕಿ ಎಷ್ಟೇ ಚೆನ್ನಾಗಿದ್ದರೂ ಎರಡನೆಯ ಸ್ಥಾನ. ಎರಡೂ ಹೊಂದದಿದ್ದರೆ ಯಾಕೆ ಹೊಂದುವುದಿಲ್ಲ ಎಂದು ಟಿಪ್ಪಣಿಯಲ್ಲೇ ಹೇಳಿಬಿಡಿ, ಇಲ್ಲದಿದ್ದರೆ 'ಅಂಕಿಅಂಶಗಳಲ್ಲಿ ವ್ಯತ್ಯಾಸ ಕಂಡುಬಂದಿದ್ದು ಸ್ಪಷ್ಟೀಕರಣ ಪಡೆಯಬಹುದಾಗಿದೆ' ಎಂಬ ಸಾಲು ಕಡತವನ್ನು ಮತ್ತೆ ಕೆಳಗಿಳಿಸುತ್ತದೆ.

ಚಿಕ್ಕದೆನಿಸುವ ಒಂದು ತಾಂತ್ರಿಕ ಮಾತು. ಕನ್ನಡ ಪಠ್ಯವನ್ನು ಯೂನಿಕೋಡ್‌ನಲ್ಲಿ ಮಾಡಿ, ಪಿಡಿಎಫ್ ಜೊತೆ ವರ್ಡ್ ಕಡತವನ್ನೂ ಕಳಿಸಿ. ಹಳೆಯ ನುಡಿ ಆಸ್ಕಿ ಅಕ್ಷರದಲ್ಲಿ ಮಾಡಿದ ಪಠ್ಯವನ್ನು ನಕಲು ಮಾಡಿ ಇ-ಆಫೀಸಿನಲ್ಲಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಆಗ ವಿಷಯ ನಿರ್ವಾಹಕರು ಎರಡು ಪುಟವನ್ನು ಕೂತು ಟೈಪ್ ಮಾಡಬೇಕು, ಅಥವಾ ತಮಗೆ ತೋಚಿದಂತೆ ನಾಲ್ಕು ಸಾಲಿನಲ್ಲಿ ಸಾರಾಂಶ ಬರೆಯುತ್ತಾರೆ. ಆ ನಾಲ್ಕು ಸಾಲೇ ನಿಮ್ಮ ಮನವಿಯಾಗಿ ಮೇಲೆ ಹೋಗುತ್ತದೆ.

ಹಣದ ಮಾತು

ಒಂದು ರೂಪಾಯಿ ಹೊರೆ ಇದ್ದರೂ ಆರ್ಥಿಕ ಇಲಾಖೆ ಬೇಕು. ಆದೇಶದ ಕೊನೆಯಲ್ಲಿ 'ಆರ್ಥಿಕ ಇಲಾಖೆಯ ಸಹಮತಿಯ ಮೇರೆಗೆ ಹೊರಡಿಸಲಾಗಿದೆ' ಎಂಬ ಸಾಲು ಟಿಪ್ಪಣಿ ಸಂಖ್ಯೆಯ ಸಮೇತ ಇಲ್ಲದಿದ್ದರೆ ಖಜಾನೆಯಲ್ಲಿ ಆ ಕಾಗದಕ್ಕೆ ಬೆಲೆ ಇಲ್ಲ. ಆರೋಗ್ಯ ಮಂತ್ರಿಗಳು ಒಪ್ಪಿದರು ಎಂದು ಕಂಪನಿಯ ಮುಖ್ಯ ಕಚೇರಿಗೆ ಇಮೇಲ್ ಕಳಿಸುವ ಮುನ್ನ ಇದನ್ನು ನೆನಪಿಟ್ಟುಕೊಳ್ಳಬೇಕು.

ಲೆಕ್ಕವನ್ನು ಆವರ್ತಕ, ಅನಾವರ್ತಕ ಎಂದು ಒಡೆಯಬೇಕು. ಒಂದು ತಪಾಸಣೆ ಕಾರ್ಯಕ್ರಮ ಕೇಳುತ್ತಿದ್ದೇವೆ ಅಂದುಕೊಳ್ಳಿ. ಜಿಲ್ಲೆಗೆ ವರ್ಷಕ್ಕೆ 1,200 ಜನ, ತಲಾ 850 ರೂಪಾಯಿ ಎಂದು ಹಿಡಿದರೆ ಜಿಲ್ಲೆಗೆ 10.2 ಲಕ್ಷ, 31 ಜಿಲ್ಲೆಗೆ 3 ಕೋಟಿ 16 ಲಕ್ಷ. ಇದು ಪ್ರತಿ ವರ್ಷ ಬರುವ ಖರ್ಚು. ಯಂತ್ರ, ಸಿಬ್ಬಂದಿ ತರಬೇತಿ ಒಂದು ಸಲದ್ದು, ಅದನ್ನು ಬೇರೆ ಸಾಲಿನಲ್ಲಿ ತೋರಿಸಬೇಕು. ಮುಂದೆ ತಪಾಸಣೆಯಲ್ಲಿ ಕಾಯಿಲೆ ಸಿಕ್ಕವರಿಗೆ ಚಿಕಿತ್ಸೆಯ ಖರ್ಚು ಯಾರದು? ಈ ಮೂರನೆಯ ಸಾಲನ್ನು ಬಹಳ ಜನ ಬಿಡುತ್ತಾರೆ, ಆರ್ಥಿಕ ಇಲಾಖೆಯವರು ಮೊದಲು ಕೇಳುವುದು ಅದನ್ನೇ. ಹೊಸ ಹುದ್ದೆ ಸೃಜನೆ ಎಂಬ ಮಾತನ್ನು ಆದಷ್ಟು ತಪ್ಪಿಸಿ. ಇರುವ ಸಿಬ್ಬಂದಿಯಿಂದ ಆಗುತ್ತದೆ ಎಂದಾದರೆ, ಯಾರು, ದಿನಕ್ಕೆ ಎಷ್ಟು ಹೊತ್ತು ಎಂದು ಬರೆಯಿರಿ. ಆಶಾ ಕಾರ್ಯಕರ್ತೆ ಮಾಡುತ್ತಾರೆ ಎಂದು ಎಲ್ಲ ಪ್ರಸ್ತಾವನೆಗಳೂ ಬರೆಯುತ್ತವೆ, ಆ ಹೆಣ್ಣುಮಗಳಿಗೆ ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ.

ಯಾವ ಲೆಕ್ಕ ಶೀರ್ಷಿಕೆಯಲ್ಲಿ ಭರಿಸಬಹುದು ಎಂದು ನೀವೇ ಸೂಚಿಸಿದರೆ ಅರ್ಧ ಕೆಲಸ ಮುಗಿದಂತೆ. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ರಾಜಸ್ವ ವೆಚ್ಚ 2210, ಕುಟುಂಬ ಕಲ್ಯಾಣ 2211, ಕಟ್ಟಡದಂಥ ಬಂಡವಾಳ ವೆಚ್ಚ 4210. ಆಯವ್ಯಯ ದಾಖಲೆಗಳನ್ನು ಬಿಡಿಸಿ, ಹಿಂದಿನ ವರ್ಷ ಆ ಶೀರ್ಷಿಕೆಯಲ್ಲಿ ಎಷ್ಟು ಇಟ್ಟರು, ಪರಿಷ್ಕೃತ ಅಂದಾಜಿನಲ್ಲಿ ಎಷ್ಟಾಯಿತು ಎಂದು ನೋಡಿ. ಖರ್ಚಾಗದೆ ಉಳಿದಿದ್ದರೆ ಅಲ್ಲಿ ಜಾಗ ಇದೆ. ಕೇಂದ್ರದ 60, ರಾಜ್ಯದ 40 ಪಾಲಿನ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಸೇರಿಸಲು ಬರುವಂಥದ್ದಾದರೆ ಅದೇ ಸುಲಭ ದಾರಿ. ಆದರೆ ಅದರ ಕಾರ್ಯಕ್ರಮ ಯೋಜನೆ ದೆಹಲಿಗೆ ಹೋದ ಮೇಲೆ ಹೊಸ ಸಾಲು ತೂರಿಸುವುದು ಕಷ್ಟ.

ಕ್ಯಾಲೆಂಡರ್ ಕೂಡ ಗಟ್ಟಿ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್: 2024ರಲ್ಲಿ ಫೆಬ್ರವರಿ 16, 2025ರಲ್ಲಿ ಮಾರ್ಚ್ 7. ಇಲಾಖೆಯಿಂದ ಪ್ರಸ್ತಾವನೆ ಆರ್ಥಿಕ ಇಲಾಖೆಗೆ ಹೋಗುವುದು ಅದಕ್ಕೆ ಮೂರ್ನಾಲ್ಕು ತಿಂಗಳು ಮೊದಲು. ಅಂದರೆ ನಿಮ್ಮ ಟಿಪ್ಪಣಿ ದಸರಾ ಹೊತ್ತಿಗೆ ಆರೋಗ್ಯ ಸೌಧದಲ್ಲಿ ಇರಬೇಕು. ಜನವರಿಯಲ್ಲಿ ಹೂಗುಚ್ಛ ಹಿಡಿದು ಬರುವವರಿಗೆ ಸಿಗುವ ಉತ್ತರ 'ಮುಂದಿನ ಸಾಲಿನಲ್ಲಿ ಪರಿಶೀಲಿಸೋಣ' ಎಂಬುದು. ಚುನಾವಣಾ ವರ್ಷದಲ್ಲಿ ಎಲ್ಲ ತಲೆಕೆಳಗು. 2023ರಲ್ಲಿ ಫೆಬ್ರವರಿಯಲ್ಲಿ ಒಂದು ಬಜೆಟ್, ಸರ್ಕಾರ ಬದಲಾದ ಮೇಲೆ ಜುಲೈಯಲ್ಲಿ ಇನ್ನೊಂದು. ಅಂಥ ಹೊತ್ತಿನಲ್ಲಿ ಹಳೆಯ ಪ್ರಸ್ತಾವನೆಯನ್ನು ಹೊಸ ಪಕ್ಷದ ಪ್ರಣಾಳಿಕೆಯ ಮಾತಿಗೆ ಹೊಂದಿಸಿ ಮತ್ತೆ ಬರೆದುಕೊಡಬೇಕು.

ಬಜೆಟ್ ಭಾಷಣದಲ್ಲಿ ಘೋಷಣೆ ಬಂತೆಂದು ನಿರಾಳವಾಗಬೇಡಿ. ಭಾಷಣದ ಕಂಡಿಕೆ ಸಂಖ್ಯೆ ಹಿಡಿದುಕೊಂಡು ಪ್ರತ್ಯೇಕ ಸರ್ಕಾರಿ ಆದೇಶ, ಮಾರ್ಗಸೂಚಿ, ಅನುದಾನ ಬಿಡುಗಡೆ, ಮೂರೂ ಆಗಬೇಕು. ಕಂಡಿಕೆಯಲ್ಲಿದ್ದು ಆದೇಶವಾಗದೆ ಉಳಿದದ್ದು ಪ್ರತಿ ವರ್ಷವೂ ಇರುತ್ತದೆ.

ಆಸ್ಪತ್ರೆಗಳ ಪರ ಕೆಲಸ ಮಾಡುವವರಿಗೆ ಪ್ಯಾಕೇಜ್ ದರ, ಅಂದರೆ ಯೋಜನೆಯಡಿ ಒಂದೊಂದು ಚಿಕಿತ್ಸೆಗೆ ಗೊತ್ತುಮಾಡಿದ ಒಟ್ಟು ದರ, ನಿತ್ಯದ ಗೋಳು. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ನೆರವು. 'ದರ ಕಡಿಮೆ, ಹೆಚ್ಚಿಸಿ' ಎಂಬ ಪತ್ರ ಟ್ರಸ್ಟಿನಲ್ಲಿ ರಾಶಿ ಬಿದ್ದಿರುತ್ತದೆ. ಓದಿಸಿಕೊಳ್ಳುವುದು ವೆಚ್ಚದ ಹಾಳೆ: ಹಾಸಿಗೆ ದಿನ, ಶಸ್ತ್ರಚಿಕಿತ್ಸಾ ಕೊಠಡಿಯ ಗಂಟೆ, ವೈದ್ಯರ ಮತ್ತು ಅರಿವಳಿಕೆ ತಜ್ಞರ ಶುಲ್ಕ, ಔಷಧ ಮತ್ತು ಬಳಕೆ ಸಾಮಗ್ರಿ, ಇಂಪ್ಲಾಂಟ್, ಆಡಳಿತ ವೆಚ್ಚ, ಒಂದೊಂದೂ ಬೇರೆ ಸಾಲು. ಒಂದೇ ಆಸ್ಪತ್ರೆಯದಲ್ಲ, ಬೆಂಗಳೂರಿನದೊಂದು, ಹುಬ್ಬಳ್ಳಿ ಅಥವಾ ಕಲಬುರಗಿಯದೊಂದು, ತಾಲ್ಲೂಕು ಮಟ್ಟದ್ದೊಂದು. ಇಲ್ಲಿ ಆಸ್ಪತ್ರೆಯ ಲೆಕ್ಕ ವಿಭಾಗದವರು ಇಂಪ್ಲಾಂಟಿನ ಎಂಆರ್‌ಪಿಯನ್ನೇ ವೆಚ್ಚ ಎಂದು ತೋರಿಸಿಬಿಡುತ್ತಾರೆ. ಸ್ಟೆಂಟ್‌ಗೆ 2017ರ ಫೆಬ್ರವರಿಯಿಂದ, ಮಂಡಿ ಇಂಪ್ಲಾಂಟ್‌ಗೆ ಅದೇ ವರ್ಷದ ಆಗಸ್ಟ್‌ನಿಂದ ಗರಿಷ್ಠ ಬೆಲೆ ಇದೆ, ಖರೀದಿ ಬೆಲೆ ಅದಕ್ಕಿಂತಲೂ ಕೆಳಗೆ ಎಂದು ಎದುರಿಗೆ ಕೂತವರಿಗೆ ಚೆನ್ನಾಗಿ ಗೊತ್ತು. ಆ ಒಂದು ಸಾಲು ಉಬ್ಬಿದ್ದರೆ ಉಳಿದ ಹಾಳೆಯನ್ನೂ ನಂಬುವುದಿಲ್ಲ. ಹಾಳೆ ನನ್ನ ಕೈಗೆ ಬಂದಾಗ ಖರೀದಿ ಬಿಲ್ ಇಲ್ಲದ ಸಾಲನ್ನು ನಾನು ತೆಗೆದೇ ಹಾಕುತ್ತೇನೆ.

ಕಡತದ ಹಿಂದೆ

ಮನವಿ ಕೊಟ್ಟ ದಿನವೇ ಟಪಾಲು ಶಾಖೆಯ ಸ್ವೀಕೃತಿ ಮೊಹರು, ಸ್ವೀಕೃತಿ ಸಂಖ್ಯೆ ಪಡೆಯಬೇಕು. ಕೆಲವು ದಿನಕ್ಕೆ ಕಡತ ಸಂಖ್ಯೆ ಆಗುತ್ತದೆ, ಅದನ್ನು ಕೇಳಿ ಬರೆದಿಟ್ಟುಕೊಳ್ಳಿ. ಸಾಹೇಬರ ಕೈಗೇ ಕೊಟ್ಟೆ ಎಂದು ಸಮಾಧಾನಪಟ್ಟರೆ ಆ ಕಾಗದ ಮೇಜಿನ ಮೇಲಿನ ರಾಶಿಯಲ್ಲಿ ಉಳಿದು, ಅವರ ವರ್ಗಾವಣೆಯಾದ ದಿನ ಕಸದ ಬುಟ್ಟಿ ಸೇರುತ್ತದೆ. ವರ್ಗಾವಣೆ ಆಗುತ್ತಲೇ ಇರುತ್ತದೆ, ಆಪ್ತ ಸಹಾಯಕರೂ ಬದಲಾಗುತ್ತಾರೆ, ಶಾಖೆಯವರು ಮಾತ್ರ ತುಸು ಹೆಚ್ಚು ಕಾಲ ಇರುತ್ತಾರೆ. ಹೊಸ ಅಧಿಕಾರಿ ಬಂದ ವಾರದಲ್ಲೇ ಒಂದು ಪುಟದ ಸ್ಥಿತಿಗತಿ ಕೊಡುವುದು ಒಳ್ಳೆಯ ರೂಢಿ: ಕಡತ ಸಂಖ್ಯೆ, ಈಗ ಯಾರ ಬಳಿ ಇದೆ, ಮುಂದಿನ ಹೆಜ್ಜೆ ಏನು. ಹಿಂದಿನ ಅಧಿಕಾರಿ ಮಾತು ಕೊಟ್ಟಿದ್ದರು ಎಂದು ಮಾತ್ರ ಹೇಳಬೇಡಿ. ಅದು ಯಾರಿಗೂ ಇಷ್ಟವಾಗುವುದಿಲ್ಲ.

ಮಂತ್ರಿಗಳು ಅಥವಾ ಶಾಸಕರ ಪತ್ರದ ಮೂಲೆಯಲ್ಲಿ ಬರೆದ ಷರಾ ಓದಲು ಕಲಿಯಬೇಕು. 'ಪರಿಶೀಲಿಸಿ ಮಂಡಿಸಿ' ಎಂದಿದ್ದರೆ ಕಡತ ತೆರೆಯುತ್ತದೆ, ಅಷ್ಟೇ. 'ನಿಯಮಾನುಸಾರ ಕ್ರಮವಹಿಸಿ' ಎಂದಿದ್ದರೆ ನಿಯಮ ಬಿಡದಿದ್ದರೆ ಹಿಂಬರಹ, ಅಂದರೆ ಆಗುವುದಿಲ್ಲ ಎಂಬ ಲಿಖಿತ ಉತ್ತರ, ಕೊಟ್ಟು ಮುಗಿಸಬಹುದು ಎಂದರ್ಥ. ಎರಡೂ ಒಪ್ಪಿಗೆ ಅಲ್ಲ. ಹಿಂಬರಹ ಬಂದರೂ ಬೇಸರ ಬೇಡ, ನಿರಾಕರಣೆಗೆ ಕಾರಣ ಲಿಖಿತವಾಗಿ ಸಿಕ್ಕಿತು, ಆ ಕಾರಣಕ್ಕೆ ಉತ್ತರವಾಗಿ ಮುಂದಿನ ಮನವಿ ಬರೆಯಬಹುದು. ಕಡತ ಎಲ್ಲೋ ಕೂತು ಸದ್ದಿಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ: 10 ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಆದರೆ ನೀವು ನಾಳೆಯೂ ಹೋಗಬೇಕಾದ ಶಾಖೆಗೆ ಇದನ್ನು ಮೊದಲ ಅಸ್ತ್ರವಾಗಿ ಬಳಸಬೇಡಿ.

ಅಧಿವೇಶನದ ದಿನಗಳಲ್ಲಿ, ಮುಖ್ಯವಾಗಿ ಡಿಸೆಂಬರ್‌ನಲ್ಲಿ ಎಲ್ಲರೂ ಬೆಳಗಾವಿಯ ಸುವರ್ಣಸೌಧಕ್ಕೆ ಹೋದಾಗ, ಶಾಖೆಗಳಲ್ಲಿ ಎಲ್‌ಎಕ್ಯೂ, ಎಲ್‌ಸಿಕ್ಯೂ (ವಿಧಾನಸಭೆ, ವಿಧಾನ ಪರಿಷತ್ತಿನ ಪ್ರಶ್ನೆಗಳು) ಬಿಟ್ಟು ಬೇರೆ ಕೆಲಸ ಸಾಗುವುದಿಲ್ಲ. ಆಗ ಭೇಟಿ ಕೇಳುವುದು ದಂಡ. ಆದರೆ ಸದನದ ಉತ್ತರಗಳು ಈ ವೃತ್ತಿಯವರಿಗೆ ಚಿನ್ನದ ಗಣಿ. ಶಾಸಕರ ಪ್ರಶ್ನೆ ಅ, ಆ, ಇ ಎಂದು ಒಡೆದಿರುತ್ತದೆ: ಇಂಥ ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞರ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಎದುರಿಗೆ 'ಬಂದಿದೆ' ಎಂಬ ಒಂದೇ ಪದ, ಅನುಬಂಧದಲ್ಲಿ ಹುದ್ದೆವಾರು ಪಟ್ಟಿ. ಆ ಅನುಬಂಧದ ಅಂಕಿಯನ್ನು ಇಲಾಖೆ ಅಲ್ಲಗಳೆಯುವಂತಿಲ್ಲ. ಉತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತವೆ; ಆರೋಗ್ಯದ ಪ್ರಶ್ನೆಗಳನ್ನು ಅಧಿವೇಶನ ಮುಗಿದ ಮೇಲೆ ಇಳಿಸಿ, ತಾಲ್ಲೂಕು ಮತ್ತು ವಿಷಯದ ಹೆಸರಿನಲ್ಲಿ ಜೋಡಿಸಿಟ್ಟುಕೊಳ್ಳುವುದು ನನ್ನ ರೂಢಿ. ಶಾಸಕರಿಗೆ ಪ್ರಶ್ನೆ ಬರೆದುಕೊಡುವವರೂ ಇದ್ದಾರೆ. ಸಾರ್ವಜನಿಕ ಮಾಹಿತಿಗಾಗಿ ಅದರಲ್ಲಿ ತಪ್ಪಿಲ್ಲ, ಒಂದು ಕಂಪನಿಯ ಬಾಕಿ ಬಿಲ್ಲಿಗಾಗಿ ಪ್ರಶ್ನೆ ಹಾಕಿಸುವುದನ್ನು ನಾನು ಮಾಡುವುದಿಲ್ಲ, ಮಾಡುವವರನ್ನು ಅಧಿಕಾರಿಗಳು ಮರೆಯುವುದೂ ಇಲ್ಲ.

ಗೆರೆ ಎಲ್ಲಿದೆ

ಅಮೆರಿಕದ ಹಾಗೆ ಇಲ್ಲಿ ಲಾಬಿದಾರರ ನೋಂದಣಿ ಕಾನೂನಿಲ್ಲ. ಇಲ್ಲ ಎಂದ ಮಾತ್ರಕ್ಕೆ ಬಯಲಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ನೇರ ಅಪರಾಧ, ಏಳು ವರ್ಷದವರೆಗೆ ಜೈಲು. ಸಿಬ್ಬಂದಿ ಅಥವಾ ಮಧ್ಯವರ್ತಿ ಕೊಟ್ಟರೂ ಸಂಸ್ಥೆ ಹೊಣೆ. 'ಕೆಲಸ ಆದರೆ ಇಷ್ಟು ಶೇಕಡಾ' ಎಂಬ ಕರಾರಿಗೆ ಒಪ್ಪಬೇಡಿ. ಪ್ರಭಾವ ಬಳಸಿ ಸರ್ಕಾರಿ ಲಾಭ ಕೊಡಿಸುವ ಒಪ್ಪಂದ ಕರಾರು ಅಧಿನಿಯಮದ 23ನೇ ಸೆಕ್ಷನ್‌ನಡಿ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಔಷಧ ಕಂಪನಿಯವರಾದರೆ 2024ರ ಮಾರ್ಚ್‌ನ ಏಕರೂಪ ಮಾರಾಟ ಸಂಹಿತೆಯೂ ಇದೆ.

ಖರೀದಿಯಲ್ಲಿ ಇನ್ನೂ ಎಚ್ಚರ ಬೇಕು. ಸರ್ಕಾರಿ ಆಸ್ಪತ್ರೆಗಳ ಔಷಧ, ಉಪಕರಣಗಳನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರುವ ಕೆಟಿಪಿಪಿ ಕಾಯ್ದೆ 1999ರಡಿ ಟೆಂಡರ್ ಕರೆದು ಕೊಳ್ಳುತ್ತದೆ. ತಾಂತ್ರಿಕ ವಿವರಣೆಯ ಬಗ್ಗೆ ಅಭಿಪ್ರಾಯ ಹೇಳುವ ಜಾಗ ಟೆಂಡರ್ ಪೂರ್ವ ಸಭೆ, ಅದೂ ಲಿಖಿತವಾಗಿ, ಎಲ್ಲರ ಎದುರಿಗೆ. ನಿಮ್ಮ ಯಂತ್ರಕ್ಕೆ ಮಾತ್ರ ಹೊಂದುವ ವಿವರಣೆಯನ್ನು ಕಿವಿಯಲ್ಲಿ ಹೇಳಿ ಹಾಕಿಸಿದರೆ, ಎರಡನೆಯ ಕಂಪನಿ ಹೈಕೋರ್ಟಿಗೆ ಹೋಗುತ್ತದೆ, ಟೆಂಡರ್ ರದ್ದಾಗುತ್ತದೆ, ಸಹಿ ಹಾಕಿದ ಅಧಿಕಾರಿ ಲೋಕಾಯುಕ್ತಕ್ಕೆ ಉತ್ತರ ಕೊಡುತ್ತಾ ಕೂರಬೇಕು. ಇನ್ನು 4(ಜಿ). ಟೆಂಡರ್ ಇಲ್ಲದೆ ಕೊಳ್ಳಲು ವಿನಾಯಿತಿ ಕೊಡುವ ಆ ಕಾಯ್ದೆಯ ಕಲಂ. ತುರ್ತು ಎಂಬ ಕಾರಣ ಕೊಟ್ಟು ತೆರೆಸುವ ಬಾಗಿಲು ಅದು. ಅದರ ಮೂಲಕ ಬಂದ ಆರ್ಡರ್‌ಗೆ ಲೆಕ್ಕಪರಿಶೋಧನೆಯ ಆಕ್ಷೇಪ ಬರುತ್ತದೆ ಎಂದೇ ಲೆಕ್ಕ ಹಾಕಿ, ತುರ್ತು ಏನಿತ್ತು ಎಂಬ ದಾಖಲೆ ನಿಮ್ಮ ಬಳಿಯೂ ಇರಲಿ.

ಸೇರುವವರಿಗೆ

ಈ ಕೆಲಸಕ್ಕೆ ಇಂಥದ್ದೇ ಪದವಿ ಎಂದಿಲ್ಲ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಆಡಳಿತ, ಕಾನೂನು, ಸಾರ್ವಜನಿಕ ನೀತಿ ಓದಿದವರು, ಪತ್ರಕರ್ತರು, ದಂತವೈದ್ಯರು ಎಲ್ಲರೂ ಇದ್ದಾರೆ. ಓದಿಗಿಂತ ಮೊದಲ ಎರಡು ವರ್ಷ ಎಲ್ಲಿ ಎನ್ನುವುದು ಮುಖ್ಯ. ಇಲಾಖೆಯ ಒಳಗೇ ಕೂತು ಕೆಲಸ ಮಾಡುವ ತಾಂತ್ರಿಕ ನೆರವು ಘಟಕಗಳು, ಯೋಜನಾ ಸಲಹೆಗಾರರ ಹುದ್ದೆಗಳು ಸಂಬಳದಲ್ಲಿ ಕಡಿಮೆ, ಕಲಿಕೆಯಲ್ಲಿ ಹೆಚ್ಚು. ಕಡತ ಒಳಗಿನಿಂದ ಹೇಗೆ ಕಾಣುತ್ತದೆ ಎಂದು ಅಲ್ಲಿ ಗೊತ್ತಾಗುತ್ತದೆ. ದೆಹಲಿಯ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್ ಸಂಸದರ ಜೊತೆ ಕೆಲಸ ಕಲಿಸುತ್ತದೆ. ಒಳ್ಳೆಯದು, ಆದರೆ ರಾಜ್ಯದ ಕಡತ ಕಲಿಸುವುದಿಲ್ಲ. ಕಂಪನಿಗೆ ಆಮೇಲೆ ಹೋಗಬಹುದು.

ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರಗಳ ಜೊತೆ ಒಂದು ಮಾದರಿ ಟಿಪ್ಪಣಿ ಒಯ್ಯಿರಿ. ನಿಮ್ಮ ಜಿಲ್ಲೆಯದೇ ಒಂದು ವಿಷಯ ಆರಿಸಿ, ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಸರದಿಯೋ ರಕ್ತ ಸಂಗ್ರಹ ಘಟಕವೋ. ಉಲ್ಲೇಖ, ಪ್ರಸ್ತಾವನೆ, ಅಧಿಕಾರದ ಸೆಕ್ಷನ್, ಆರ್ಥಿಕ ಹೊರೆ, ಲೆಕ್ಕ ಶೀರ್ಷಿಕೆ, ಕರಡು ಆದೇಶ, ಎಲ್ಲ ಎರಡು ಪುಟದಲ್ಲಿ. ಸಂದರ್ಶಕರಿಗೆ ಕನ್ನಡ ಬಾರದಿದ್ದರೆ ಇಂಗ್ಲಿಷ್ ಪ್ರತಿಯೂ ಜೊತೆಗಿರಲಿ.